ಕುಸ್ತಿ ಆಡುವವರಿಗೆ ಜಿಮ್ ಬೇಕಾ? ಕೊಡಗಿನ ಹುಡುಗರು, ಅವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಶಾಲನಗರದ ಕಡೆಯವನು. ಆರು ವರ್ಷ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದೆ. ಈಗ ಊರಲ್ಲಿ ಹಳೇ ಕಾಫಿ ಗೋದಾಮಿನೊಳಗೆ ಮ್ಯಾಟ್ ಹಾಸಿಕೊಂಡು ಸಂಜೆ ಹೊತ್ತು ಮಕ್ಕಳಿಗೆ ಕುಸ್ತಿ ಹೇಳಿಕೊಡುತ್ತೇನೆ. ಗೋದಾಮಿನ ಮೂಲೆಯಲ್ಲಿ ಭಾರ ಎತ್ತುವ ಒಂದು ಕಬ್ಬಿಣದ ಬಾರ್, ಅದಕ್ಕೆ ಸಿಕ್ಕಿಸುವ ಒಂದಷ್ಟು ಪ್ಲೇಟು, ಎರಡು ಗದೆ ಇವೆ. ಹೊಸದಾಗಿ ಬಂದವರೆಲ್ಲ ಮೊದಲು ನೋಡುವುದು ಆ ಮೂಲೆಯನ್ನೇ. ಪ್ರಶ್ನೆಗಳೂ ಅಲ್ಲಿಂದಲೇ ಶುರುವಾಗುತ್ತವೆ. ಇಷ್ಟು ವರ್ಷ ಒಬ್ಬೊಬ್ಬರಿಗೆ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಅಣ್ಣ, ಕುಸ್ತಿಗೆ ಜಿಮ್ ಬೇಕೇ ಬೇಕಾ?

ಬೇಕು. ಪಟ್ಟು ಗೊತ್ತಿರುವ ಇಬ್ಬರು ಎದುರುಬದುರಾದಾಗ ಕಸುವು ಜಾಸ್ತಿ ಇರುವವನದೇ ಮೇಲುಗೈ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟೇ ಗೊತ್ತಿಲ್ಲದವನ ಕಸುವು ಎದುರಾಳಿಯ ಕೈಗೆ ಸಿಕ್ಕ ಹಗ್ಗದ ಹಾಗೆ. ನೀನು ಜೋರಾಗಿ ತಳ್ಳಿದಷ್ಟೂ ಅವನು ನಿನ್ನನ್ನು ಸುಲಭವಾಗಿ ಎಳೆದು ಬೀಳಿಸುತ್ತಾನೆ.

ಹಾಗಾಗಿ ನನ್ನ ಹತ್ತಿರ ಬಂದವರಿಗೆ ಮೊದಲ ಆರು ತಿಂಗಳು ಬಾರ್ ಮುಟ್ಟಲು ಬಿಡುವುದಿಲ್ಲ. ಬೀಳುವುದು, ಏಳುವುದು, ಸೊಂಟ ತಗ್ಗಿಸಿ ನಿಲ್ಲುವುದು, ಕಾಲಿಗೆ ನುಗ್ಗುವುದು ಕಲಿಯಲಿ. ದಂಡ, ಬಸ್ಕಿ, ಪುಲ್-ಅಪ್ ಅಷ್ಟು ದಿನಕ್ಕೆ ಸಾಕು. ಆಮೇಲೆ ವಾರಕ್ಕೆ ಎರಡು ದಿನ ಭಾರ. ಮ್ಯಾಟ್ ಮೇಲಿನ ಹೊತ್ತನ್ನು ಕಿತ್ತು ಜಿಮ್‌ಗೆ ಕೊಡುವುದಾದರೆ ಮಾತ್ರ ಬೇಡ.

ದೇಹದಾರ್ಢ್ಯ, ಶಕ್ತಿ ತರಬೇತಿ ಎರಡೂ ಒಂದೇ ಅಲ್ವಾ? ಎರಡರಲ್ಲೂ ಕಬ್ಬಿಣ ಎತ್ತೋದೇ ತಾನೇ?

ಕಬ್ಬಿಣ ಒಂದೇ, ಎತ್ತುವ ಕಾರಣ ಬೇರೆ.

ದೇಹದಾರ್ಢ್ಯದಲ್ಲಿ ನೋಟ ಮುಖ್ಯ. ಎದೆ, ಭುಜ, ತೊಡೆ ಎಲ್ಲ ತುಂಬಿಕೊಂಡು, ಒಂದೊಂದು ಸ್ನಾಯುವೂ ಬಿಡಿಸಿಟ್ಟ ಹಾಗೆ ಕಾಣಬೇಕು. ಅದಕ್ಕೇ ಸಾಮಾನ್ಯವಾಗಿ 8ರಿಂದ 12 ಸಲ ಎತ್ತಬಹುದಾದಷ್ಟು ಭಾರ ಹಾಕುತ್ತಾರೆ. ಸೆಟ್ (ನಿಲ್ಲಿಸದೆ ಎತ್ತುವ ಒಂದು ಸರದಿ) ಜಾಸ್ತಿ, ಮಧ್ಯೆ ವಿಶ್ರಾಂತಿ ಕಡಿಮೆ. ಒಂದು ದಿನ ಎದೆ, ಒಂದು ದಿನ ಬೆನ್ನು ಅಂತ ಮೈಯನ್ನು ಭಾಗ ಮಾಡಿಕೊಳ್ಳುತ್ತಾರೆ. ವೇದಿಕೆ ಮೇಲೆ ನಿಲ್ಲುವವರ ಶ್ರಮ ನನಗೆ ಗೊತ್ತು. ಅದನ್ನು ಕೀಳಾಗಿ ನೋಡುವವನು ನಾನಲ್ಲ.

ಶಕ್ತಿ ತರಬೇತಿಯಲ್ಲಿ ಎಷ್ಟು ಭಾರ ಎದ್ದಿತು ಅನ್ನುವುದು ಮುಖ್ಯ. 3ರಿಂದ 5 ಸಲ ಮಾತ್ರ ಎತ್ತಲು ಆಗುವಂಥ ಭಾರ. ಸೆಟ್‌ಗಳ ನಡುವೆ 2-3 ನಿಮಿಷ ಪೂರ್ತಿ ವಿಶ್ರಾಂತಿ. ಇಲ್ಲಿ ಸ್ನಾಯುವಿನ ಜೊತೆಗೆ ನರವೂ ಪಾಠ ಕಲಿಯುತ್ತದೆ. ಒಂದು ಸ್ನಾಯುವಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅಭ್ಯಾಸ ಇಲ್ಲದವನು ಎಷ್ಟೇ ಮುಕ್ಕಿರಿದರೂ ಅವೆಲ್ಲ ಒಟ್ಟಿಗೆ ಕೈಜೋಡಿಸುವುದಿಲ್ಲ. ಭಾರ ಎತ್ತುತ್ತಾ ಹೋದ ಹಾಗೆ ಅವನ್ನು ಒಂದೇ ಸಲಕ್ಕೆ ಎಬ್ಬಿಸುವುದು ನರಕ್ಕೆ ರೂಢಿಯಾಗುತ್ತದೆ. ಅದಕ್ಕೇ ಮೊದಲ ಎರಡು ತಿಂಗಳಲ್ಲಿ ಮೈತೂಕ ಹೆಚ್ಚು ಏರದೆಯೇ ತಾಕತ್ತು ಏರುತ್ತದೆ. ತೂಕದ ವರ್ಗದೊಳಗೆ ಆಡುವ ನಮಗೆ ಇದಕ್ಕಿಂತ ದೊಡ್ಡ ಲಾಭ ಯಾವುದಿದೆ?

ಹಾಗಂತ ಮೈ ತುಂಬಿಸುವ ಸಾಮು ಸುಮ್ನೆ ವ್ಯರ್ಥ ಅಂತಲ್ಲ. ಹದಿನೇಳು ವರ್ಷದ ಹುಡುಗ, ಎತ್ತರ ಇದೆ, ಭುಜದ ಮೂಳೆ ಎದ್ದು ಕಾಣುತ್ತಿದೆ ಅಂದರೆ ಅವನಿಗೆ ಒಂದು ವರ್ಷ ಆ ಕೆಲಸವೇ ಬೇಕು. ಗಾಯದಿಂದ ಎದ್ದವನಿಗೂ ಬೇಕು. ಮೊಣಕಾಲು ಕಟ್ಟಿಸಿಕೊಂಡು ತಿಂಗಳು ಮಲಗಿದವನ ತೊಡೆ ಸೊರಗಿರುತ್ತದೆ. ಅದನ್ನು ಮತ್ತೆ ತುಂಬಿಸದೆ ಮ್ಯಾಟ್ ಹತ್ತಿಸಿದರೆ ಇನ್ನೊಂದು ಸಲ ಪೆಟ್ಟಾಗುತ್ತದೆ.

ಜಿಮ್‌ನಲ್ಲಿ 100 ಕೆಜಿ ಎತ್ತುವ ನಮ್ಮ ಹುಡುಗ ಮ್ಯಾಟ್ ಮೇಲೆ ಎರಡೇ ನಿಮಿಷಕ್ಕೆ ಯಾಕೆ ಸುಸ್ತಾಗ್ತಾನೆ?

ಇದಕ್ಕೆ ನನ್ನದೇ ಕತೆ ಹೇಳಬೇಕು. ಇಪ್ಪತ್ತು ವರ್ಷದವನಿದ್ದಾಗ ಗರಡಿಗೆ ಹೋಗುವುದನ್ನು ಕಡಿಮೆ ಮಾಡಿ ಎಂಟು ತಿಂಗಳು ಜಿಮ್ ಹಿಡಿದೆ. 66 ಕೆಜಿ ಇದ್ದವನು 74 ಆದೆ. ತೋಳು ಅಂಗಿಯಲ್ಲಿ ಹಿಡಿಸುತ್ತಿರಲಿಲ್ಲ. ಊರವರೆಲ್ಲ ಪೈಲ್ವಾನ್ ಅಂತ ಕರೆಯತೊಡಗಿದರು. ಆ ವರ್ಷ ಜಾತ್ರೆಯ ಕುಸ್ತಿಯಲ್ಲಿ ಹುಣಸೂರು ಕಡೆಯ ಒಬ್ಬ ತೆಳ್ಳಗಿನ ಹುಡುಗನ ಜೊತೆ ಜೋಡಿ ಕಟ್ಟಿದರು. ಮೊದಲ ನಿಮಿಷ ಅವನನ್ನು ಎತ್ತಿ ಆಡಿಸಿದೆ. ಮೂರನೇ ನಿಮಿಷಕ್ಕೆ ಮುಂಗೈ ಕಲ್ಲಾಯಿತು. ಅವನ ಮಣಿಕಟ್ಟನ್ನು ಹಿಡಿದಿದ್ದೆ. ಬಿಡಬಾರದು ಅಂತ ಮನಸ್ಸು ಹೇಳುತ್ತಿತ್ತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಅವನು ಬಗ್ಗಿ ನನ್ನ ಬೆನ್ನ ಹಿಂದಕ್ಕೆ ಹೋದ, ಸೊಂಟ ಹಿಡಿದ, ಚಿತ್ ಮಾಡಿದ.

ಉಸ್ತಾದರು ಬಯ್ಯಲಿಲ್ಲ. ಕೈ ಚಾಚು ಅಂದರು. ಮುಂಗೈಯನ್ನು ಹೆಬ್ಬೆರಳಿಂದ ಒತ್ತಿದರು. ಪ್ರಾಣ ಹೋದಷ್ಟು ನೋವಾಯಿತು. "ನಾಳೆ ಐದು ಗಂಟೆಗೆ ಬಾ" ಅಂದರು, ಅಷ್ಟೇ.

ಆಗಿದ್ದು ಇದು. ಸ್ನಾಯುವನ್ನು ಬಿಡದೆ ಬಿಗಿ ಹಿಡಿದರೆ ಅದು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ಹೊಸ ರಕ್ತ ಬರುವುದಿಲ್ಲ, ಒಳಗಿನ ಕಸ ಹೊರಗೆ ಹೋಗುವುದಿಲ್ಲ. ಜಿಮ್‌ನಲ್ಲಿ ಹತ್ತು ಸಲ ಎತ್ತಿ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತೇವೆ. ಕುಸ್ತಿಯಲ್ಲಿ ಕೆಳಗಿಡುವ ಪ್ರಶ್ನೆಯೇ ಇಲ್ಲ. ಫ್ರೀಸ್ಟೈಲ್ (ಕಾಲನ್ನೂ ಹಿಡಿಯಬಹುದಾದ ಕುಸ್ತಿ) ಪಂದ್ಯ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಅಷ್ಟು ಹೊತ್ತು ತಳ್ಳುವುದು, ಎಳೆಯುವುದು, ಎತ್ತುವುದು ನಡೆದೇ ಇರುತ್ತದೆ. ಯಾವಾಗ ಬಿಗಿ ಹಿಡಿಯಬೇಕು, ಯಾವಾಗ ಕೈ ಸಡಿಲ ಬಿಡಬೇಕು ಅನ್ನುವುದನ್ನು ಮ್ಯಾಟ್ ಮಾತ್ರ ಕಲಿಸುತ್ತದೆ. ಅನುಭವಸ್ಥರ ಜೊತೆ ಜೋಡಿ ಹಿಡಿದು ನೋಡಿ. ಅವರ ಕೈ ಹೆಚ್ಚು ಹೊತ್ತು ಮೆತ್ತಗೇ ಇರುತ್ತದೆ. ಬೇಕಾದ ಒಂದು ಕ್ಷಣ ಮಾತ್ರ ಉಡದ ಪಟ್ಟು.

ಮತ್ತೆ ದಮ್ಮು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚಿನ ಪಂದ್ಯದಲ್ಲಿ 0-5ರಿಂದ ಹಿಂದಿದ್ದರು. ಕೊನೆಗೆ 8-5ರಿಂದ ಗೆದ್ದರು. ಎಲ್ಲ ಅಂಕವೂ ಎರಡನೇ ಸುತ್ತಿನಲ್ಲೇ ಬಂತು. ಆ ಹೊತ್ತಿನಲ್ಲೂ ಅವರ ಕಾಲಲ್ಲಿ ನುಗ್ಗುವ ಕಸುವು ಉಳಿದಿತ್ತು. ನಮ್ಮ ಹುಡುಗರಿಗೆ ಆ ಪಂದ್ಯವನ್ನು ವರ್ಷಕ್ಕೆ ಎರಡು ಸಲವಾದರೂ ತೋರಿಸುತ್ತೇನೆ.

ಮೈ ಕಟ್ಟಿದರೆ ಚುರುಕು ಹೋಗುತ್ತಾ? ಮೈ ಬಿಗಿಯುತ್ತಾ?

ಪೂರ್ತಿ ಕೂತು ಏಳುವ ಸ್ಕ್ವಾಟ್, ಕೈ ಪೂರ್ತಿ ಚಾಚಿ ಎಳೆಯುವ ಪುಲ್-ಅಪ್ ಮಾಡಿದರೆ ಬಿಗಿಯುವುದಿಲ್ಲ. ಅರ್ಧಂಬರ್ಧ ಎತ್ತಿ, ಮೈ ಬಗ್ಗಿಸದೆ ಮನೆಗೆ ಹೋದರೆ ಬಿಗಿಯುತ್ತದೆ. ನಿಜವಾದ ತೊಂದರೆ ತೂಕದ್ದು. ಮೈ ದೊಡ್ಡದಾದ ಹಾಗೆ ತೂಕ ಏರುವಷ್ಟು ವೇಗವಾಗಿ ಬಲ ಏರುವುದಿಲ್ಲ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುತ್ತದೆ, ಆನೆಗೆ ಅದು ಆಗುವುದಿಲ್ಲ. ದುಬಾರೆಯಲ್ಲಿ ಆನೆ ನೋಡಿ ಬೆಳೆದ ಮಕ್ಕಳಿಗೆ ಈ ಮಾತು ಥಟ್ಟನೆ ಹಿಡಿಸುತ್ತದೆ.

ಹಳೇ ಕಾಲದ ಪೈಲ್ವಾನರು ಜಿಮ್ ನೋಡಿಯೇ ಇರಲಿಲ್ಲ. ಅವರು ಗೆಲ್ಲಲಿಲ್ವಾ?

ಗೆದ್ದರು. ಆದರೆ ಅವರು ಭಾರ ಎತ್ತಿರಲಿಲ್ಲ ಅನ್ನುವುದು ತಪ್ಪು. ಗರಡಿಯೇ ಅವರ ಜಿಮ್.

ಬೆಳಗಿನ ಜಾವ ಗುದ್ದಲಿ ಹಿಡಿದು ಮಟ್ಟಿ ಅಗೆಯುವುದರಿಂದ ದಿನ ಶುರು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ತುಪ್ಪ ಹಾಕಿ ಹದ ಮಾಡಿದ ಅಖಾಡವನ್ನು ದಿನಾ ಬುಡಮೇಲು ಮಾಡಬೇಕು. ಸೊಂಟ, ಭುಜ, ಹಿಡಿತ ಮೂರಕ್ಕೂ ಕೆಲಸ. ಆಮೇಲೆ ಗದೆ. ಗದೆಯ ಭಾರವೆಲ್ಲ ಕೋಲಿನ ತುದಿಯಲ್ಲಿರುತ್ತದೆ. ಹತ್ತು ಕೆಜಿಯ ಗದೆಯನ್ನು ತಲೆಯ ಹಿಂದೆ ತಿರುಗಿಸಿ ಭುಜಕ್ಕೆ ತಂದು ನೋಡಿ. ಅದೇ ಹತ್ತು ಕೆಜಿಯ ಡಂಬೆಲ್ ಅದರ ಮುಂದೆ ಆಟದ ಸಾಮಾನು ಅನ್ನಿಸುತ್ತದೆ. ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವುದೂ ಭಾರವೇ ತಾನೇ?

ಗರಡಿಯ ಪದ್ಧತಿಯಲ್ಲಿ ನನಗೆ ಕಾಣುವ ಕೊರತೆ ಒಂದೇ. ಬಸ್ಕಿಯನ್ನು ನೂರರಿಂದ ಐನೂರಕ್ಕೆ ಏರಿಸಿದರೆ ದಮ್ಮು ಬರುತ್ತದೆ, ಕಾಲು ಹುರಿಗಟ್ಟುತ್ತದೆ. ಆದರೆ ಒಂದು ಹಂತ ದಾಟಿದ ಮೇಲೆ ಬಲ ಏರುವುದಿಲ್ಲ. ಬಲ ಏರಬೇಕಾದರೆ ಭಾರ ಏರಬೇಕು. ಅಲ್ಲಿ ಬಾರ್ ಮತ್ತು ಪ್ಲೇಟು ಉಪಯೋಗಕ್ಕೆ ಬರುತ್ತವೆ. ಇವತ್ತು ಇದ್ದ ಭಾರಕ್ಕೆ ಮುಂದಿನ ವಾರ ಎರಡೂವರೆ ಕೆಜಿ ಸೇರಿಸಬಹುದು. ಗದೆಯಲ್ಲಿ ಆ ಅನುಕೂಲ ಇಲ್ಲ.

ಬಲವೂ ಪಟ್ಟೂ ಕೂಡಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ರಷ್ಯಾದ ಅಲೆಕ್ಸಾಂಡರ್ ಕರೇಲಿನ್ ಆಡಿದ್ದನ್ನು ನೋಡಿ. 1988, 1992, 1996ರ ಒಲಿಂಪಿಕ್ಸ್‌ನಲ್ಲಿ ಗ್ರೀಕೋ-ರೋಮನ್ (ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಕುಸ್ತಿ) ಅತಿ ಭಾರದ ವರ್ಗದ ಚಿನ್ನ. ಮ್ಯಾಟ್‌ಗೆ ಅಂಟಿಕೊಂಡು ಮಲಗಿದ ಅಷ್ಟೇ ದೊಡ್ಡ ಎದುರಾಳಿಯನ್ನು ಸೊಂಟ ತಬ್ಬಿ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದರು. ಆ ಎಸೆತಕ್ಕೆ ಅವರ ಹೆಸರೇ ನಿಂತಿದೆ. ಬರೀ ಪಟ್ಟು ಗೊತ್ತಿದ್ದರೆ ಅದು ಆಗುವುದಿಲ್ಲ. ಬರೀ ಬಲ ಇದ್ದರೂ ಆಗುವುದಿಲ್ಲ.

ಹಾಗಾದ್ರೆ ಜಿಮ್‌ನಲ್ಲಿ ಏನೇನು ಮಾಡಬೇಕು?

ನಮ್ಮ ಗೋದಾಮಿನಲ್ಲಿ ಮಂಗಳವಾರ, ಶುಕ್ರವಾರ ಭಾರ. ಐವತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಮಾಡಿಸುವುದಿಲ್ಲ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡ ಮೇಲೆ ಒಂದು ದಿನ ಸ್ಕ್ವಾಟ್, ಇನ್ನೊಂದು ದಿನ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು. ಎರಡೂ 4 ಸೆಟ್, ಸೆಟ್‌ಗೆ 5 ಸಲ. ಇನ್ನೂ ಒಂದೆರಡು ಸಲ ಎತ್ತಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಬೇಕು. ಬೆನ್ನು ಗೂನಾದ ಕ್ಷಣ ಬಾರ್ ಕೆಳಗೆ. ಅದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಆಮೇಲೆ ಎಳೆಯುವ ಕೆಲಸ. ಪುಲ್-ಅಪ್, ಬಗ್ಗಿ ನಿಂತು ಬಾರ್ ಎಳೆಯುವುದು. ಕುಸ್ತಿಯಲ್ಲಿ ನಾವು ಎದುರಾಳಿಯನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದೇ ಜಾಸ್ತಿ. ಜಿಮ್ ಹುಡುಗರು ಮಾಡುವುದು ತಳ್ಳುವ ಬೆಂಚ್ ಪ್ರೆಸ್ ಜಾಸ್ತಿ. ಹೀಗಾಗಿ ಭುಜ ಮುಂದಕ್ಕೆ ಬಾಗಿ ನೋವು ಶುರುವಾಗುತ್ತದೆ. ಒಂದು ಸಲ ತಳ್ಳಿದರೆ ಎರಡು ಸಲ ಎಳೆಯಿರಿ ಅಂತ ಹೇಳಿಕೊಟ್ಟಿದ್ದೇನೆ.

ಕೊನೆಗೆ ಚೀಲ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಕಾಫಿ ಚೀಲ ತುಂಬಿದರೆ 50 ಕೆಜಿ. ದೊಡ್ಡವರು ಅದನ್ನು ನೆಲದಿಂದ ಎತ್ತಿ, ಎದೆಗೆ ಅವಚಿಕೊಂಡು, ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಮಕ್ಕಳಿಗೆ ಮರಳು ತುಂಬಿದ ಸಣ್ಣ ಚೀಲ ಇದೆ. ಬಾರ್ ಹಿಡಿದಲ್ಲೇ ಇರುತ್ತದೆ. ಚೀಲ ಹಾಗಲ್ಲ. ಒಳಗಿನ ಕಾಫಿ ಒಂದು ಕಡೆಗೆ ಜಾರುತ್ತದೆ, ಕೈ ಹಿಡಿಯಲು ಜಾಗ ಸಿಗುವುದಿಲ್ಲ, ಮೂಗಿನ ಹತ್ತಿರ ಸೆಣಬಿನ ಧೂಳು. ಬಿಡಿಸಿಕೊಂಡು ಓಡಲು ನೋಡುವ ಮನುಷ್ಯನ ಹಾಗೆಯೇ ಅದು. ಬೈಸೆಪ್ಸ್ ಕರ್ಲ್ ಆಸೆ ಇರುವವರು ಕೊನೆಯ ಐದು ನಿಮಿಷ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ.

ತೋಟದ ಕೆಲಸ ಮಾಡ್ತೀವಲ್ಲ, ಅದೇ ಸಾಕಲ್ವಾ?

ಅರ್ಧ ಸಾಕು. ಏರಿನಲ್ಲಿ ಕಾಫಿ ಚೀಲ ಹೊರುವವರ ಕಾಲು, ಬೆನ್ನು ನೋಡಿದರೆ ಗೊತ್ತಾಗುತ್ತದೆ. ಅವರಲ್ಲಿರುವ ತಾಳಿಕೆ ಯಾವ ಜಿಮ್‌ನಲ್ಲೂ ಸಿಗುವುದಿಲ್ಲ. ಆದರೆ ಕೆಲಸದಲ್ಲಿ ಭಾರ ಯಾವಾಗಲೂ ಒಂದೇ. ಒಂದೇ ಹೆಗಲು, ಒಂದೇ ಬದಿ. ನಿಧಾನ. ಚಿಮ್ಮುವ, ತಿರುಗುವ, ಥಟ್ಟನೆ ಎತ್ತುವ ಕೆಲಸ ಅಲ್ಲಿಲ್ಲ. ತೋಟದಲ್ಲಿ ದುಡಿಯುವ ಮಕ್ಕಳಿಗೆ ನಾನು ಭಾರಕ್ಕಿಂತ ಜಿಗಿತ, ಎಸೆತ, ವೇಗದ ಕೆಲಸ ಕೊಡುತ್ತೇನೆ. ಇಡೀ ದಿನ ಚೀಲ ಹೊತ್ತು ಬಂದ ಹುಡುಗನಿಗೆ ಸಂಜೆ ಮತ್ತೆ ಡೆಡ್‌ಲಿಫ್ಟ್ ಹಾಕಿಸುವುದು ಅನ್ಯಾಯ.

ವರ್ಷ ಪೂರ್ತಿ ಒಂದೇ ಥರ ಎತ್ತಬಹುದಾ?

ಬೇಡ. ಕೊಡಗಿನ ವರ್ಷಕ್ಕೆ ತಕ್ಕ ಹಾಗೆ ನಾವು ಹಂಚಿಕೊಂಡಿದ್ದೇವೆ. ನಮ್ಮ ದೊಡ್ಡ ಗುರಿ ಮೈಸೂರು ದಸರಾ ಕುಸ್ತಿ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ದಸರಾ ಮುಗಿದು ನಮ್ಮ ಸುಗ್ಗಿ ಹಬ್ಬ ಹುತ್ತರಿವರೆಗೆ ಮೈಗೆ ಬಿಡುವು. ಓಟ, ಈಜು, ಸಣ್ಣ ಪುಟ್ಟ ನೋವು ವಾಸಿ ಮಾಡಿಕೊಳ್ಳುವುದು. ಡಿಸೆಂಬರಿಂದ ಫೆಬ್ರವರಿ ಕಾಫಿ ಕೊಯ್ಲು. ಆಗ ಅರ್ಧ ಮಕ್ಕಳು ಕಾಫಿ ಒಣಗಿಸುವ ಕಣದಲ್ಲೇ ಇರುತ್ತಾರೆ, ವಾರಕ್ಕೆ ಒಂದು ದಿನ ಭಾರ ಸಾಕು. ಮಾರ್ಚಿಂದ ಮೇ ಭಾರ ಏರಿಸುವ ಕಾಲ. ಮೈ ತುಂಬಿಸಬೇಕಾದವರೂ ಆಗಲೇ ತುಂಬಿಸಿಕೊಳ್ಳಬೇಕು.

ಜೂನ್ ಬಂತು ಅಂದರೆ ಮಳೆ. ಹೊರಗೆ ಓಡಲು ಆಗುವುದಿಲ್ಲ. ಇಡೀ ಮಳೆಗಾಲ ಮ್ಯಾಟ್ ಮೇಲೆ ಜೋಡಿ ಹಿಡಿಯುವುದೇ ಕೆಲಸ. ಬಾರ್ ಇರುತ್ತದೆ, ಆದರೆ ಕಡಿಮೆ ಸಲ, ಜಾಸ್ತಿ ವೇಗ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಬರುತ್ತದೆ. ಊರೂರಲ್ಲಿ ಹಗ್ಗಜಗ್ಗಾಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಬ್ಬ ಮುಗಿದ ಮೇಲೆ ಭಾರದ ದಿನಗಳನ್ನು ಒಂದಕ್ಕೆ ಇಳಿಸುತ್ತೇನೆ. ಕೊನೆಯ ವಾರ ಪೂರ್ತಿ ನಿಲ್ಲಿಸುತ್ತೇನೆ. ಗಳಿಸಿದ ಬಲ ಒಂದು ವಾರದಲ್ಲಿ ಎಲ್ಲೂ ಓಡಿಹೋಗುವುದಿಲ್ಲ, ಸುಸ್ತು ಮಾತ್ರ ಹೋಗುತ್ತದೆ.

ಹಿಡಿತ ಗಟ್ಟಿ ಮಾಡೋದು ಹೇಗೆ?

ಮೆಣಸು ಕೊಯ್ಯುವವರನ್ನು ನೋಡಿ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಒಂದು ಕೈಯಲ್ಲಿ ಮರ ಅಪ್ಪಿ, ಇನ್ನೊಂದು ಕೈಯಲ್ಲಿ ಗೊನೆ ಕೀಳುತ್ತಾ ಗಂಟೆಗಟ್ಟಲೆ ಮೇಲೇ ಇರುತ್ತಾರೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗ ಚಿಕ್ಕಂದಿನಿಂದ ಅಪ್ಪನ ಜೊತೆ ಮೆಣಸು ಕೊಯ್ದವನು. 57 ಕೆಜಿ. ಅವನು ಮಣಿಕಟ್ಟು ಹಿಡಿದರೆ 70 ಕೆಜಿಯವರೂ ಬಿಡಿಸಿಕೊಳ್ಳಲು ಒದ್ದಾಡುತ್ತಾರೆ.

ಮನೆಯಲ್ಲೇ ಮಾಡಬೇಕೆಂದರೆ ದಪ್ಪ ಟವೆಲ್ ಒಂದನ್ನು ಬಾರ್ ಮೇಲೆ ಹಾಕಿ, ಎರಡು ತುದಿ ಹಿಡಿದು ಪುಲ್-ಅಪ್ ಮಾಡಿ. ಆಗದಿದ್ದರೆ ಸುಮ್ನೆ ಜೋತಾಡಿ. ಹಗ್ಗ ಹತ್ತುವುದು ಇನ್ನೂ ಒಳ್ಳೆಯದು. ವಾರಕ್ಕೆ ಎರಡು ಸಲ ಸಾಕು. ಬೆರಳಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬೇಗ ಮುನಿಸಿಕೊಳ್ಳುತ್ತದೆ, ವಾಸಿಯಾಗುವುದು ತಡ.

ಕುತ್ತಿಗೆಗೆ ಬೇರೆ ಸಾಮು ಬೇಕಾ?

ಬೇಕು, ಇದನ್ನು ಮರೆಯಬೇಡಿ. ಕಾಲಿಗೆ ನುಗ್ಗುವಾಗ ತಲೆಯೇ ಮುಂದೆ ಹೋಗುವುದು. ಶುರುವಿನಲ್ಲಿ ಅಂಗೈಯನ್ನು ಹಣೆಗೆ, ಹಿಂದಲೆಗೆ, ಕೆನ್ನೆಗೆ ಒತ್ತಿ ಹಿಡಿದು ತಲೆಯಿಂದ ಎದುರು ತಳ್ಳುವುದು. ಒಂದೊಂದು ಕಡೆಗೆ ಹತ್ತು ಸೆಕೆಂಡು. ತಲೆ ಊರಿ ಮೈಯನ್ನು ಸೇತುವೆಯ ಹಾಗೆ ಬಾಗಿಸಿ ನಿಲ್ಲುವುದು ಒಂದೆರಡು ವರ್ಷ ಪಳಗಿದ ಮೇಲೆ, ಕಲಿಸುವವರ ಎದುರಿಗೆ ಮಾತ್ರ. ಕೈಗೆ ಜೋಮು ಹಿಡಿದರೆ ಆ ಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನಮ್ಮವನು ಹಾಕಿ ಆಡ್ತಾನೆ. ಕುಸ್ತಿಗೆ ಬಂದರೆ ಹೊಂದಿಕೊಳ್ತಾನಾ?

ಚೆನ್ನಾಗಿ ಹೊಂದಿಕೊಳ್ಳುತ್ತಾನೆ. ಬಗ್ಗಿ ಓಡಿ ಅಭ್ಯಾಸ ಇರುವುದರಿಂದ ತಗ್ಗಿ ನಿಲ್ಲುವುದನ್ನು ಹೇಳಿಕೊಡಬೇಕಾಗಿಲ್ಲ. ದಮ್ಮು ಇರುತ್ತದೆ. ಕೊರತೆ ಇರುವುದು ಎಳೆಯುವ ಬಲದಲ್ಲಿ, ಕತ್ತಿನಲ್ಲಿ. ಏಪ್ರಿಲ್-ಮೇಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವಾಗ ನಮ್ಮ ಮ್ಯಾಟ್ ಅರ್ಧ ಖಾಲಿ. ನಾನೂ ಬೇಡ ಅನ್ನುವುದಿಲ್ಲ. 1997ರಿಂದ ನಡೆದು ಬಂದ ಹಬ್ಬ, ಮಕ್ಕಳು ಆಡಲಿ.

ತೂಕ ಇಳಿಸಿ ಕೆಳಗಿನ ವರ್ಗದಲ್ಲಿ ಆಡಿದರೆ ಲಾಭ ಅಲ್ವಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಭಯವಾಗುತ್ತದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಆರು ವಾರದ ಅವಧಿಯಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ತೂಕ ಇಳಿಸಲು ಹೋಗಿ ಪ್ರಾಣ ಬಿಟ್ಟರು. ನೀರು ಬಿಟ್ಟು, ಬೆವರು ಸುರಿಸಿ, ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಓಡಿದ ಪರಿಣಾಮ. ನೀರು ಹೋದರೆ ರಕ್ತ ಗಟ್ಟಿಯಾಗುತ್ತದೆ, ಮೈ ಬಿಸಿ ಇಳಿಯುವುದಿಲ್ಲ, ಹೃದಯ ಸೋಲುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಎಲ್ಲರಿಗೂ ನೆನಪಿದೆ. ವಿನೇಶ್ ಫೋಗಟ್ 50 ಕೆಜಿ ವರ್ಗದ ಫೈನಲ್ ತಲುಪಿದ್ದರು. ಎರಡನೇ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂದಿತ್ತು. ರಾತ್ರಿಯೆಲ್ಲ ಒದ್ದಾಡಿದರೂ ಇಳಿಯಲಿಲ್ಲ. ಈಗ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಆಡುವ ದಿನವೇ, ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ನೀರು ಹಿಂಡಿ ತೂಕ ಇಳಿಸಿದವನು ಅದೇ ದಿನ ಆಡಬೇಕು.

ಹದಿನೆಂಟಕ್ಕಿಂತ ಚಿಕ್ಕವರಿಗೆ ನಾನು ತೂಕ ಇಳಿಸಲು ಬಿಡುವುದೇ ಇಲ್ಲ. ದೊಡ್ಡವರು ಇಳಿಸುವುದಾದರೆ ವಾರಕ್ಕೆ ಅರ್ಧ ಕೆಜಿ, ಊಟದ ಕೊಬ್ಬು, ಸಕ್ಕರೆ ಕಡಿಮೆ ಮಾಡಿ. ಜಿಮ್‌ನಲ್ಲಿ ಮೈ ತುಂಬಿಸುವ ಮೊದಲು ಕೂಡ ಈ ಲೆಕ್ಕ ಹಾಕಿ. ಫ್ರೀಸ್ಟೈಲ್‌ನಲ್ಲಿ ಒಲಿಂಪಿಕ್ಸ್‌ನ ಪುರುಷರ ವರ್ಗಗಳು 57, 65, 74, 86, 97, 125. 65ರಲ್ಲಿ ಗಟ್ಟಿಯಾಗಿದ್ದವನು ತೋಳು ಬೆಳೆಸಿ 69 ಆದರೆ ಎಲ್ಲಿಗೂ ಸಲ್ಲುವುದಿಲ್ಲ. 74ರಲ್ಲಿ ನಿಜವಾದ 74ರವರು ಕಾದಿರುತ್ತಾರೆ.

ಊಟ ಏನು? ಪಂದಿ ಕರಿ ಬಿಡಬೇಕಾ?

ಯಾಕೆ ಬಿಡಬೇಕು? ಕೊಬ್ಬಿನ ತುಂಡು ಬದಿಗಿಟ್ಟು ಮಾಂಸ ತಿನ್ನಿ. ಎರಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಸಾಕು ಅನ್ನುವ ಕಡೆ ಆರು ಬೇಡ.

ಭಾರ ಎತ್ತಿ ಕುಸ್ತಿಯೂ ಆಡುವವರಿಗೆ ದಿನಕ್ಕೆ ಮೈತೂಕದ ಒಂದು ಕೆಜಿಗೆ 1.6 ಗ್ರಾಂನಿಂದ 2 ಗ್ರಾಂವರೆಗೆ ಪ್ರೋಟೀನ್ ಬೇಕು. 60 ಕೆಜಿ ಹುಡುಗನಿಗೆ ಸುಮಾರು 100 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, 100 ಗ್ರಾಂ ಬೆಂದ ಕೋಳಿಯಲ್ಲಿ 25 ಗ್ರಾಂ ಮೇಲೆ. ಸಂತೆಯಲ್ಲಿ ಸಿಗುವ ಮತ್ತಿ (ಬೂತಾಯಿ) ಮೀನು ಅಗ್ಗ, ತುಂಬಾ ಒಳ್ಳೆಯದು. ಮಾಂಸ ತಿನ್ನದ ಮನೆಯವರು ಹಾಲು, ಮೊಸರು, ಹುರುಳಿ, ಕಡಲೆ, ನೆಲಗಡಲೆ ಜಾಸ್ತಿ ಮಾಡಲಿ. ಅಕ್ಕಿ ರೊಟ್ಟಿ, ಅನ್ನ ಶತ್ರು ಅಲ್ಲ. ಮ್ಯಾಟ್ ಮೇಲೆ ಉರಿಯುವ ಸೌದೆ ಅದೇ.

ಪೌಡರ್, ಕ್ರಿಯಾಟಿನ್, ಇಂಜೆಕ್ಷನ್?

ಪೌಡರ್ ಅಂದರೆ ಹಾಲಿನ ಪ್ರೋಟೀನ್. ಊಟ ಸರಿ ಇದ್ದರೆ ಬೇಡ. ಕ್ರಿಯಾಟಿನ್ ನಿಷೇಧಿತ ವಸ್ತು ಅಲ್ಲ, ದೊಡ್ಡವರಲ್ಲಿ ದಿನಕ್ಕೆ 3-5 ಗ್ರಾಂ ಬಲಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಮೈಯಲ್ಲಿ ನೀರು ಹಿಡಿದು ಒಂದೆರಡು ಕೆಜಿ ಏರಬಹುದು. ತೂಕದ ಅಂಚಿನಲ್ಲಿರುವವರು ನೆನಪಿಡಿ.

ಮೈ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ಬೇಡವೇ ಬೇಡ. ನನ್ನ ಆ ಎಂಟು ತಿಂಗಳ ಜಿಮ್ ಕಾಲದಲ್ಲಿ ಒಬ್ಬ ತರಬೇತುದಾರ ಚೀಟಿ ಇಲ್ಲದ ಡಬ್ಬಿಯಿಂದ ಮಾತ್ರೆ ಎಣಿಸಿ ಕೊಟ್ಟಿದ್ದ. ವಿಟಮಿನ್ ಅಂದ. ನಂಬಿ ಮೂರು ವಾರ ನುಂಗಿದೆ. ಮುಖ, ಬೆನ್ನು ತುಂಬಾ ಗುಳ್ಳೆ ಎದ್ದವು, ರಾತ್ರಿ ನಿದ್ದೆ ಇಲ್ಲ, ಸುಮ್ನೆ ಸುಮ್ನೆ ಅಮ್ಮನ ಮೇಲೆ ರೇಗುತ್ತಿದ್ದೆ. ಅಕ್ಕ ಆ ಡಬ್ಬಿ ನೋಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅದು ಏನು ಮಾತ್ರೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಸಿಟ್ಟೂ ಇಳಿದಿಲ್ಲ. ಸ್ಟೀರಾಯ್ಡ್‌ಗಳು ಲಿವರ್, ಹೃದಯ ಹಾಳು ಮಾಡುತ್ತವೆ. ಬೆಳೆಯುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯನ್ನೇ ಬೇಗ ನಿಲ್ಲಿಸುತ್ತವೆ. ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿದರೆ ಮೊದಲ ಸಲಕ್ಕೇ 4 ವರ್ಷದವರೆಗೆ ನಿಷೇಧ ಆಗಬಹುದು. ಯಾರೋ ಕೊಟ್ಟರು, ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಚೀಟಿ ಓದಲು ಬಾರದ್ದನ್ನು ಬಾಯಿಗೆ ಹಾಕಬೇಡಿ.

ಮಗನಿಗೆ 12 ವರ್ಷ. ಭಾರ ಎತ್ತಿದರೆ ಎತ್ತರ ನಿಲ್ಲುತ್ತಾ ಸರ್?

ಸರಿಯಾಗಿ ಹೇಳಿಕೊಡುವವರು ಎದುರಿಗಿದ್ದು, ಹಗುರದಿಂದ ಶುರು ಮಾಡಿದರೆ ಎತ್ತರಕ್ಕೆ ಏನೂ ಆಗುವುದಿಲ್ಲಮ್ಮ. ಆ ಭಯ ಬಿಡಿ. ಅವನಿಗೆ ನಾನು ಕೊಡುವುದು ಖಾಲಿ ಕೋಲು, ಮರಳು ಚೀಲ, ದಂಡ, ಬಸ್ಕಿ, ಹಗ್ಗ. ಒಂದೇ ಸಲಕ್ಕೆ ಎಷ್ಟು ಎತ್ತುತ್ತೀಯ ನೋಡೋಣ ಅನ್ನುವ ಪಂದ್ಯ ಮಾತ್ರ ಇಲ್ಲ. ನಿದ್ದೆ ಒಂಬತ್ತು ಗಂಟೆ ಬೇಕು. ಮೊಬೈಲ್ ನಿಮ್ಮ ಹತ್ತಿರ ಇರಲಿ.

ಹೆಣ್ಣುಮಕ್ಕಳೂ ಭಾರ ಎತ್ತಬಹುದಾ? ಗಂಡಸರ ಥರ ಆಗಿಬಿಡ್ತಾರೆ ಅಂತಾರಲ್ಲ?

ಖಂಡಿತ ಎತ್ತಬಹುದು. ಗಂಡಸರಷ್ಟು ಟೆಸ್ಟೋಸ್ಟಿರೋನ್ ಹೆಣ್ಣುಮಕ್ಕಳ ಮೈಯಲ್ಲಿ ಇರುವುದಿಲ್ಲ, ಹಾಗಾಗಿ ಮೈ ಅಷ್ಟು ದಪ್ಪವಾಗುವುದಿಲ್ಲ. ಬಲ ಚೆನ್ನಾಗಿ ಏರುತ್ತದೆ. ಮೊಣಕಾಲಿನ ಗಾಯ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಆದ್ದರಿಂದ ತೊಡೆಯ ಹಿಂಭಾಗದ ಸಾಮು ಅವರಿಗೆ ಇನ್ನೂ ಮುಖ್ಯ. ಮೈಸೂರು ದಸರಾದಲ್ಲಿ ಹುಡುಗಿಯರಿಗೂ ಪಂದ್ಯ ಇದೆ. ನಮ್ಮ ಮ್ಯಾಟ್ ಮೇಲೆ ಈಗ ನಾಲ್ವರು ಹುಡುಗಿಯರಿದ್ದಾರೆ. ಇನ್ನೂ ನಾಲ್ವರಿಗೆ ಜಾಗ ಇದೆ, ಕಳಿಸಿಕೊಡಿ.

ಜೂಡೋ, ಜಿಯು-ಜಿತ್ಸು, ಕಬಡ್ಡಿ ಆಡುವವರಿಗೂ ಇದೇ ಮಾತಾ?

ಬುಡ ಒಂದೇ. ಜೂಡೋದಲ್ಲಿ ಅಂಗಿ ಹಿಡಿದು ಆಡುವುದರಿಂದ ಟವೆಲ್ ಪುಲ್-ಅಪ್ ಬಹಳ ಉಪಯೋಗ. ಜಿಯು-ಜಿತ್ಸುವಿನಲ್ಲಿ ಕರಿ ಬೆಲ್ಟಿನವರ ಪಂದ್ಯ 10 ನಿಮಿಷ. ಅಲ್ಲಿ ಸೊಂಟ, ತೊಡೆಯ ಹಿಂಭಾಗ, ತಾಳಿಕೆಗೆ ಜಾಸ್ತಿ ಗಮನ ಬೇಕು. ಕಬಡ್ಡಿಯ ರೈಡ್ 30 ಸೆಕೆಂಡು. ಹಿಡಿಯುವವರಿಗೆ ಡೆಡ್‌ಲಿಫ್ಟ್ ಮತ್ತು ಚೀಲ, ರೈಡ್ ಹೋಗುವವರಿಗೆ ಜಿಗಿತ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಜಪಾನಿನ ಅಕಿಯೊ ಕಮಿನಾಗ ಅವರನ್ನು ಅವರ ನೆಲದಲ್ಲೇ ಸೋಲಿಸಿದರು. ಸುಮಾರು ಎರಡು ಮೀಟರ್ ಎತ್ತರದ ದೈತ್ಯ. ಆದರೆ ಆ ದೈತ್ಯನೂ ಗೆದ್ದದ್ದು ನೆಲದ ಮೇಲೆ ಅದುಮಿ ಹಿಡಿಯುವ ಪಟ್ಟಿನಿಂದ.

ಮಳೆಗಾಲದಲ್ಲಿ ಮೈಗೆ ಹುಳುಕಡ್ಡಿ ಆಗ್ತಿದೆ. ಬರಬಹುದಾ?

ವಾಸಿಯಾಗುವವರೆಗೆ ಬರಬೇಡಿ. ಒಬ್ಬನಿಗಿದ್ದರೆ ವಾರದಲ್ಲಿ ಹತ್ತು ಜನಕ್ಕೆ ಹರಡುತ್ತದೆ. ನಮ್ಮಲ್ಲಿ ಜುಲೈನಲ್ಲಿ ಗೋಡೆಯೇ ಬೆವರುತ್ತದೆ, ಮ್ಯಾಟ್‌ನ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಮ್ಯಾಟ್ ಜೊತೆಗೆ ಬಾರ್, ಡಂಬೆಲ್ ಹಿಡಿಗಳನ್ನೂ ದಿನಾ ಒರೆಸಬೇಕು. ಒದ್ದೆ ಬಟ್ಟೆಯನ್ನು ಬ್ಯಾಗಿನಲ್ಲೇ ಬಿಟ್ಟು ಮರುದಿನ ಹಾಕಿಕೊಳ್ಳಬೇಡಿ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ.

ಅಣ್ಣ, ಇನ್ನು ಒಂದೇ ತಿಂಗಳಿಗೆ ಪಂದ್ಯ ಇದೆ. ಈಗ ಜಿಮ್‌ಗೆ ಸೇರಲಾ?

ಬೇಡಪ್ಪ. ಈಗ ಸೇರಿದರೆ ಮೈಕೈ ನೋವು ಮಾತ್ರ ಸಿಗುತ್ತದೆ. ನಾಳೆ ಸಂಜೆ ಮ್ಯಾಟ್‌ಗೆ ಬಾ, ನಿನಗಿಂತ ಐದು ಕೆಜಿ ಜಾಸ್ತಿ ಇರುವವನ ಜೊತೆ ಜೋಡಿ ಹಿಡಿ. ಪಂದ್ಯ ಮುಗಿದ ಮಾರನೇ ಸೋಮವಾರ ಬಂದು ಕೇಳು, ಬಾರ್ ಅಲ್ಲೇ ಇರುತ್ತದೆ.